ಸೈಲೆನ್ಸರ್ ಸುಮ್ಮನಿರುವುದಿಲ್ಲ

ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದಲ್ಲಿ ನಾನು ಬರುವ ಸುದ್ದಿ ನನಗಿಂತ ಮೊದಲೇ ಕೆಲಸದವರಿಗೆ ಮುಟ್ಟಿರುತ್ತದೆ. ಗೇಟಿನ ಇಳಿಜಾರಿನಲ್ಲಿ ಜೀಪು ಎರಡನೇ ಗೇರಿಗೆ ಬಿದ್ದರೆ ಸಾಕು, ಪಟಪಟ ಸದ್ದು ಸಿಲ್ವರ್ ಓಕ್ ಮರಗಳ ನಡುವೆ ನುಗ್ಗಿ ಲೈನ್ ಮನೆಗಳನ್ನು ದಾಟುತ್ತದೆ. ನಾನು ಇಳಿಯುವಷ್ಟರಲ್ಲಿ ಎಲೆ-ಅಡಿಕೆ ಮುಗಿದು ಎಲ್ಲರ ಕೈಯಲ್ಲೂ ಕತ್ತಿ ಇರುತ್ತದೆ. ಕೆಲವೊಮ್ಮೆ ಜೀಪು ರಿಪೇರಿಯಾಗಿ ಸದ್ದಿಲ್ಲದೆ ಹೋದಾಗ ಎರಡೂ ಕಡೆಯವರಿಗೆ ಮುಜುಗರ.

ನಮ್ಮದು ಮಹೀಂದ್ರ ಎಂಎಂ 540. ತೊಂಬತ್ತರ ದಶಕದ ಗಾಡಿ, ಒಳಗಿರುವುದು ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಎಂಜಿನ್ ಬಗ್ಗೆ ನನಗೆ ದೂರಿಲ್ಲ. ಹೊಗೆ ಹೋಗುವ ದಾರಿಯದೇ ತಕರಾರು. ಪ್ರತಿ ಮಳೆಗಾಲಕ್ಕೂ ಅದು ಎಲ್ಲಾದರೂ ಬಾಯಿಬಿಡುತ್ತದೆ. ಅಲ್ಲಿ ವೆಲ್ಡಿಂಗ್ ಮಾಡಿಸಿದರೆ ಒಂದು ಗೇಣು ಆಚೆ ಬಿಡುತ್ತದೆ.

ಇದಕ್ಕೂ ಮೊದಲು ಮನೆಯಲ್ಲಿದ್ದದ್ದು ಅಪ್ಪ ಮಿಲಿಟರಿಯಿಂದ ನಿವೃತ್ತರಾಗಿ ಬಂದು ಹರಾಜಿನಲ್ಲಿ ಹಿಡಿದ ಡಿಸ್ಪೋಸಲ್ ಜೀಪು. ಸೈನಿಕರ ನಾಡಾದ ಕೊಡಗಿನಲ್ಲಿ ಮಿಲಿಟರಿ ಬಿಟ್ಟವರ ಹಿಂದೆ ಮಿಲಿಟರಿ ಬಿಟ್ಟ ಜೀಪುಗಳೂ ಬೆಟ್ಟ ಹತ್ತಿದವು. ಮಹೀಂದ್ರ ಜೀಪುಗಳ ವಂಶಾವಳಿಯೂ ಸ್ವಾರಸ್ಯದ್ದೇ. 1945ರಲ್ಲಿ ಮಹೀಂದ್ರ ಸಹೋದರರ ಜೊತೆ ಕಂಪನಿ ಕಟ್ಟಿದವರು ಮಲಿಕ್ ಗುಲಾಂ ಮುಹಮ್ಮದ್. ಆಗ ಅದರ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್, ವ್ಯಾಪಾರ ಉಕ್ಕಿನದು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದವರು 1948ರಲ್ಲಿ ಹೆಸರು ಬದಲಿಸಿಕೊಂಡು, ಅಮೆರಿಕದ ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸುತ್ತ ಜೀಪಿನವರೇ ಆಗಿಹೋದರು.

ಸೈಲೆನ್ಸರಿನ ಚರಿತ್ರೆಯಂತೂ ಕೊಡಗಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಎಂಜಿನ್ನಿನ ಸದ್ದಡಗಿಸುವ ಡಬ್ಬಕ್ಕೆ ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು ಪೇಟೆಂಟ್ ಪಡೆದದ್ದು 1897ರಲ್ಲಿ. ಅದಾದ ಮೇಲೆ ಬಂದವನು ಹೈರಂ ಪರ್ಸಿ ಮ್ಯಾಕ್ಸಿಂ. ಅಪ್ಪ ಮ್ಯಾಕ್ಸಿಂ ಮಷಿನ್ ಗನ್ ಕಂಡುಹಿಡಿದು ಜಗತ್ತಿನ ಕಿವಿ ಕಿವುಡಾಗಿಸಿದರೆ, ಮಗ ಕೋವಿಗೆ ಸೈಲೆನ್ಸರ್ ತೊಡಿಸಿ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ಲೆಕ್ಕಾಚಾರವನ್ನು ಎಂಜಿನ್ನುಗಳಿಗೂ ಹಚ್ಚಿದ. ಬಿಸಿ ಅನಿಲವನ್ನು ಒಮ್ಮೆಗೇ ಹೊರಗೆ ಬಿಡದೆ, ಕೋಣೆಯಿಂದ ಕೋಣೆಗೆ ತಿರುಗಿಸಿ, ತಣಿಸಿ, ಸುಸ್ತು ಮಾಡಿ ಕಳಿಸುವುದು. ಎರಡರ ಗುಟ್ಟೂ ಇಷ್ಟೇ.

ನಮ್ಮಲ್ಲಿ ಕೋವಿಯ ಬಾಯಿ ಮುಚ್ಚುವ ಯೋಚನೆ ಯಾರಿಗೂ ಬರಲಿಕ್ಕಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಟ್ಟದಾಚೆಯ ನೆಂಟರಿಗೆ ಸುದ್ದಿ ತಿಳಿಯುತ್ತಿದ್ದದ್ದೇ ಹಾಗೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಕೋವಿಗೆ ಪೂಜೆ ಮಾಡುತ್ತೇವೆ. ನಮಗಿರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಜೀಪಿಗೆ ಮಾತ್ರ ವಿನಾಯಿತಿ ಇಲ್ಲ. ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಬೇಕೆಂದೇ ಸೈಲೆನ್ಸರ್ ಬಿಚ್ಚಿಸಿ ಬೈಕ್ ಓಡಿಸುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ದುಡ್ಡು ಸುರಿದು ಅಡಗಿಸುತ್ತಿರುವ ಸದ್ದನ್ನು ಅವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ.

ಲೀಕ್ ಯಾಕಾಗುತ್ತದೆ ಎಂದರೆ, ಎಲ್ಲರೂ ಮಳೆಯನ್ನು ಬಯ್ಯುತ್ತಾರೆ. ಮಳೆಯ ಪಾಲು ಇಲ್ಲವೆಂದಲ್ಲ. ಕಾದ ಕಬ್ಬಿಣದ ಮೇಲೆ ತೋಡಿನ ತಣ್ಣೀರು ಎರಚಿದರೆ ಅದು ಸುಮ್ಮನಿರುತ್ತದೆಯೇ? ಆದರೆ ಸೈಲೆನ್ಸರ್ ಹೆಚ್ಚಾಗಿ ಸಾಯುವುದು ಒಳಗಿನ ನೀರಿನಿಂದ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೋಗುತ್ತದೆ. ಗೇಟಿನಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಅಡ್ಡಾಡುವ ತೋಟದ ಜೀಪಿನಲ್ಲಿ ಕೊನೆಯ ಡಬ್ಬ ಸರಿಯಾಗಿ ಬಿಸಿಯೇರುವುದೇ ಇಲ್ಲ. ಆವಿ ಅಲ್ಲೇ ನೀರಾಗಿ ಕೂರುತ್ತದೆ. ಡೀಸೆಲ್‌ನ ಗಂಧಕ ಅದರೊಂದಿಗೆ ಸೇರಿ ಆಮ್ಲವಾಗುತ್ತದೆ. ಜೀಪು ಹೊಸದಿದ್ದ ಕಾಲದಲ್ಲಿ ನಮ್ಮ ಡೀಸೆಲ್‌ನಲ್ಲಿ ಶೇಕಡಾ ಒಂದರವರೆಗೂ ಗಂಧಕವಿರುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ ಹತ್ತೇ ಭಾಗ. ಈ ಸುಧಾರಣೆ ನಮ್ಮ ಜೀಪಿನ ಪಾಲಿಗೆ ಸ್ವಲ್ಪ ತಡವಾಗಿ ಬಂತು.

ಲೀಕ್ ಹುಡುಕುವುದು ಕಷ್ಟವಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಹಿಂದಿನ ಬಾಯಿಗೆ ಒದ್ದೆ ಚಿಂದಿ ಒತ್ತಿ ಹಿಡಿದರೆ ಎಲ್ಲಿ ಬಿರುಕಿದೆಯೋ ಅಲ್ಲಿ ಬುಸ್ಸೆನ್ನುತ್ತದೆ. ಕಪ್ಪು ಮಸಿ ಗುರುತು ಬೇರೆ ಇರುತ್ತದೆ. ಮ್ಯಾನಿಫೋಲ್ಡಿನದು ಮಾತ್ರ ಕಳ್ಳ ಲೀಕ್: ತಣ್ಣಗಿದ್ದಾಗ ಟಿಕ್ ಟಿಕ್ ಎನ್ನುತ್ತದೆ, ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಚಿದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಅದಕ್ಕೇ ವರ್ಕ್‌ಶಾಪು ತಲುಪುವಷ್ಟರಲ್ಲಿ ದೂರು ಹೇಳುವವನು ಸುಳ್ಳುಗಾರನಾಗಿರುತ್ತಾನೆ. ಆದರೆ ಲೀಕ್ ನಗುವ ವಿಷಯವಲ್ಲ, ನಿಜ. ಮಳೆಗೆ ಟಾರ್ಪಾಲು ಇಳಿಬಿಟ್ಟು, ಗೇರ್ ಲಿವರಿನ ಸಂದಿಯಿಂದ ಹೊಗೆ ಒಳಗೆ ಬರುವಾಗ ತಲೆನೋವು ಶುರುವಾದರೆ ಅದು ಬರೀ ವಾಸನೆಯ ತಲೆನೋವಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ದಾರಿಯಲ್ಲಿ ಕೈಕೊಟ್ಟರೆ ಎಣ್ಣೆ ಡಬ್ಬದ ತಗಡು ಸುತ್ತಿ ಬೈಂಡಿಂಗ್ ವೈರ್ ಬಿಗಿಯುತ್ತೇವೆ. ಊರಿಗೆ ಬಂದ ಮೇಲೆ ಗ್ಯಾಸ್ ವೆಲ್ಡಿಂಗ್. ಹೊಸ ಪೈಪು, ಹೊಸ ಗ್ಯಾಸ್ಕೆಟ್, ಲೇತಿನಲ್ಲಿ ಮ್ಯಾನಿಫೋಲ್ಡಿಗೆ ಫೇಸಿಂಗ್, ತುಕ್ಕು ಹಿಡಿದ ಸ್ಟಡ್ಡುಗಳನ್ನು ಕೆಂಪಗೆ ಕಾಯಿಸಿ ಬಿಚ್ಚುವುದು, ಎಲ್ಲವೂ ಆಯಿತು. ಈ ಗಾಡಿಗಳ ಸಾಮಾನು ಮಡಿಕೇರಿಯಲ್ಲಿ ಇನ್ನೂ ಸಿಗುತ್ತಿರುವುದಕ್ಕೆ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳೇ ಕಾರಣವೆಂದು ನನ್ನ ಗುಮಾನಿ. 2008ರ ‘ಗಾಳಿಪಟ’ ಚಿತ್ರದಲ್ಲಿ ಆ ಬೆಟ್ಟ ಕಂಡ ಮೇಲೆ ಜನ ಮುಗಿಬಿದ್ದರು. ಗುಜರಿಗೆ ಹೊರಟಿದ್ದ ಎಷ್ಟೋ ಜೀಪುಗಳು ಅರ್ಧ ದಾರಿಯಿಂದ ವಾಪಸು ಬಂದವು. ಅದಕ್ಕಾಗಿ ಚಿತ್ರದ ನಿರ್ದೇಶಕ ಯೋಗರಾಜ ಭಟ್ಟರಿಗೆ ನಾನು ಋಣಿ.

ಇಷ್ಟಾದರೂ ನಿಲ್ಲದ ಲೀಕಿನ ಮೂಲ ಕೊನೆಗೆ ಹಿಡಿದದ್ದು ಮೂರ್ನಾಡಿನ ಕಡೆಯ ಒಬ್ಬ ಮುದಿ ಮೆಕ್ಯಾನಿಕ್. ನಾನು ಚಡ್ಡಿ ಹಾಕಿದ್ದಾಗಿನಿಂದ ಕಂಡಿರುವ ಕಾಕ. ಅವರು ಜೀಪಿನಡಿಗೆ ಹೋಗಲೇ ಇಲ್ಲ. ಬಾನೆಟ್ ಎತ್ತಿ, “ಆಕ್ಸಿಲೇಟರ್ ಕೊಡು” ಎಂದರು. ಕೊಟ್ಟೆ. “ಮೋನೇ, ಪೈಪಲ್ಲಿ ಏನೂ ಇಲ್ಲ. ಎಂಜಿನ್ ಕುಣೀತಾ ಉಂಟು, ನೋಡು.”

ನೋಡಿದೆ. ಒತ್ತಿದಾಗಲೆಲ್ಲ ಎಂಜಿನ್ ಒಂದು ಕಡೆಗೆ ವಾಲಿ ಮತ್ತೆ ಕೂರುತ್ತಿತ್ತು. ಅದನ್ನು ಹೊತ್ತ ಮೌಂಟಿಂಗ್ ರಬ್ಬರು ಹಳೇ ಬೆಲ್ಲದಂತೆ ಜಿನುಗಿ ಕುಸಿದಿತ್ತು. ಎಂಜಿನ್ನಿಗೆ ಪೈಪಿನ ತಲೆ ಬಿಗಿದಿದೆ, ಬಾಲ ಚಾಸಿಗೆ ನೇತಾಡುತ್ತಿದೆ. ತಲೆ ಕುಣಿದು ಬಾಲ ನಿಂತರೆ ನಡು ಮುರಿಯಲೇಬೇಕು. ಎಷ್ಟು ಗಟ್ಟಿಯಾಗಿ ಬೆಸೆದರೆ ಅಷ್ಟು, ಒತ್ತಡ ಪಕ್ಕದ ದುರ್ಬಲ ಜಾಗಕ್ಕೆ ಸರಿಯುತ್ತದೆ. ಕಾಕ ಮೌಂಟಿಂಗ್ ಬದಲಿಸಿದರು, ಹಿಂದಿನ ಹ್ಯಾಂಗರ್ ರಬ್ಬರು ಬದಲಿಸಿದರು, ಪೈಪಿನ ಬೋಲ್ಟುಗಳನ್ನು ಕೊನೆಗೆ ಬಿಗಿದರು, ಎಂಜಿನ್ ಒಮ್ಮೆ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿದರು. ಸೈಲೆನ್ಸರಿಗೆ ಅವರು ವೆಲ್ಡಿಂಗ್ ರಾಡ್ ಮುಟ್ಟಿಸಲಿಲ್ಲ. ಬಿಲ್ಲು ವೆಲ್ಡಿಂಗಿನ ಬಿಲ್ಲಿಗಿಂತ ಕಡಿಮೆ.

ಈ ಮಳೆಗಾಲ ಪೈಪು ಬಾಯಿಬಿಟ್ಟಿಲ್ಲ. ಜೀಪು ಒಳ್ಳೆಯ ಮನೆತನದ ಹುಡುಗನ ಹಾಗೆ ತೋಟಕ್ಕೆ ಹೋಗಿಬರುತ್ತಿದೆ. ಆದರೆ ಆ ಗದ್ದಲ ನಿಂತ ಮೇಲೆ, ಇಷ್ಟು ವರ್ಷ ಕೇಳಿಸದಿದ್ದ ಒಂದು ಕೊರಗು ಮೂರನೇ ಗೇರಿನಲ್ಲಿ ಕೇಳಿಸುತ್ತಿದೆ. ಕಾಕನಿಗೆ ಫೋನಿನಲ್ಲೇ ಕೇಳಿಸಿದೆ. ಗೇರ್‌ಬಾಕ್ಸ್ ಇಳಿಸಬೇಕಂತೆ.