ಅವ್ವ ವಾಯ್ಸ್ ಮೆಸೇಜಿಗೆ ಯಾಕೆ ಉತ್ತರ ಕೊಡುವುದಿಲ್ಲ

ಕೊಟ್ಟೂರು

ಪ್ರೀತಿಯ ತಮ್ಮನಿಗೆ,

  

ಅವ್ವ ನಿನ್ನ ವಾಯ್ಸ್ ಮೆಸೇಜು ಒಂದಕ್ಕೂ ಉತ್ತರ ಕೊಡುವುದಿಲ್ಲ, ಆದರೆ ನೀನು ಮೀಟಿಂಗಿನಲ್ಲಿದ್ದಾಗಲೇ ವಿಡಿಯೊ ಕಾಲ್ ಮಾಡುತ್ತಾಳೆ ಎಂದು ಬೇಜಾರು ಮಾಡಿಕೊಂಡು ಬರೆದಿದ್ದೆ. ಅವಳು ರಾತ್ರಿ ಊಟ ಮುಗಿಸಿ ಕಟ್ಟೆಗೆ ಬಂದು ಕೂತರೆ ಡಲ್ಲಾಸಿನಲ್ಲಿ ನಿನ್ನ ಕೆಲಸ ಶುರುವಾಗುವ ಹೊತ್ತು. ನಿನಗೆ ಬಿಡುವಾದಾಗ ಇಲ್ಲಿ ಕೋಳಿ ಕೂಗುತ್ತದೆ. ಆ ತೊಂದರೆ ನನಗೆ ಗೊತ್ತು. ಆದರೂ ಅವ್ವನ ಪರವಾಗಿ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಫೋನಿನಲ್ಲಿ ಹೇಳಿದರೆ ನಡುವೆ ನೀನು ಬಾಯಿ ಹಾಕುತ್ತೀ, ನಾನು ಸೋಲುತ್ತೇನೆ. ಅದಕ್ಕೇ ಕಾಗದ.

ಮೊದಲು ಒಂದು ತಿಳಿದುಕೋ. ಅವ್ವ ನಿನ್ನ ಮೆಸೇಜಿಗೆ ಉತ್ತರ ಕೊಡುತ್ತಾಳೆ. ಶೇಂಗಾ ಸುಲಿಯಲು ಕೂತಾಗ ಫೋನನ್ನು ಮೊರದ ಅಂಚಿಗೆ ಆನಿಸಿ ಇಟ್ಟು ನಿನ್ನ ದನಿ ಹಾಕಿಸಿಕೊಳ್ಳುತ್ತಾಳೆ. ನೀನು ಹೇಳುತ್ತಾ ಹೋದಂತೆ "ಹೂಂ", "ಹೌದಾ", "ಅಯ್ಯೋ, ಮಗೀಗೆ ಜ್ವರ ಬಂದಿತ್ತಾ? ಏನ್ ಕೊಟ್ರಿ?" ಎಂದು ಕೇಳುತ್ತಾಳೆ. ನಿನ್ನ ದನಿ ಅದಕ್ಕೆ ಕಾಯದೆ ಮುಂದಕ್ಕೆ ಹೋಗುತ್ತದೆ. ಆಮೇಲೆ ನಾನು ಮೈಕಿನ ಗುರುತು ಒತ್ತಿ ಹಿಡಿದು "ಈಗ ಹೇಳವ್ವ" ಅಂದರೆ ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ನಿಂತವಳ ಹಾಗೆ ಬಿಗಿಯಾಗಿ, "ಚೆಂದಾಗದೀವಿ. ಮಳಿ ಬಂತು" ಎಂದು ಹೇಳಿ ಕೈ ಸರಿಸುತ್ತಾಳೆ. ಅದನ್ನೂ ಕಳಿಸಬೇಡ ಅನ್ನುತ್ತಾಳೆ. ಯಾಕವ್ವ ಅಂತ ಕೇಳಿದ್ದಕ್ಕೆ, "ಆ ಕಡಿಗೆ ಯಾರೂ ಹೂಂ ಅನ್ನಂಗಿಲ್ಲ, ಮಾತು ಹೆಂಗ ಬರ್ತತಿ?" ಅಂದಳು.

ನಮ್ಮ ಅಜ್ಜಿಯೂ ಹಾಗೇ ಇದ್ದಳಲ್ಲ. ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತು. ನಿನಗೆ ಕಣ್ಣು ಹತ್ತಿ ಹೂಂಗುಟ್ಟುವುದು ನಿಂತರೆ ರಾಜಕುಮಾರ ಕಾಡಿನಲ್ಲೇ ಉಳಿಯುತ್ತಿದ್ದ. ಕೇಳುವವರು ಸುಮ್ಮನಾದ ಮೇಲೂ ಮಾತು ಮುಂದುವರಿಸುವುದು ಆ ಮನೆತನದ ಹೆಂಗಸರಿಗೆ ಗೊತ್ತೇ ಇರಲಿಲ್ಲ. ಇದು ನಮ್ಮ ಕಡೆಯ ಜನಕ್ಕೆ ಮಾತ್ರ ಇರುವ ಸ್ವಭಾವವೂ ಅಲ್ಲ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಅವರ ಜೊತೆಯವರು ಲೋಕದ ಬೇರೆ ಬೇರೆ ಕಡೆಯ 10 ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ. ಭಾಷೆ ಬದಲಾದರೂ ಅದು ಹೆಚ್ಚು ಬದಲಾಗಲಿಲ್ಲ. ವಿಡಿಯೊ ಕಾಲಿನಲ್ಲಿ ನೆಟ್‌ವರ್ಕ್ ತುಸು ತಡವರಿಸಿದರೂ ಅವ್ವ "ಮಗ ಸಿಟ್ಟಾಗ್ಯಾನೇನು" ಎಂದು ನನ್ನ ಮುಖ ನೋಡುವುದು ಇದಕ್ಕೇ.

ಸುದ್ದಿ ತಿಳಿಯಬೇಕೆಂದೇ ಜನ ಎದುರಾಬದುರು ಬರುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ನಿನ್ನನ್ನೇ ನೋಡು. ಮೈಲಾರದ ಕಾರ್ಣಿಕದ ದಿನ ನೀನು ಬೆಳಗಿನ ಜಾವ ಎದ್ದು ಫೋನಿನಲ್ಲಿ ಲೈವ್ ಹಾಕಿಕೊಂಡು ಕೂರುತ್ತೀ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಸೇರಿದ ಲಕ್ಷಗಟ್ಟಲೆ ಜನರ ನಡುವೆ, ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅನ್ನುತ್ತಾನೆ. ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಭವಿಷ್ಯದ ಮಾತು, ಕೊನೆಗೆ ಪರಾಕ್, ಅಲ್ಲಿಂದ ಕೆಳಕ್ಕೆ ಬೀಳುತ್ತಾನೆ, ಗೊರವರು ಹಿಡಿದುಕೊಳ್ಳುತ್ತಾರೆ. ಐದು ನಿಮಿಷ ಕಳೆದರೆ ಆ ಮಾತು ಎಲ್ಲರ ವಾಟ್ಸ್‌ಆಪಿಗೂ ಬರುತ್ತದೆ. ನಿದ್ದೆ ಮುಗಿಸಿ ಎದ್ದು ಓದಿದರೂ ಅದೇ ಮಾತು. ಆದರೂ ನೀನು ಎದ್ದು ಕೂರುವುದು ಯಾಕೆ? ಏನು ಬರುತ್ತದೋ ಎಂದು ಯಾರಿಗೂ ಗೊತ್ತಿಲ್ಲದ ಆ ಗಳಿಗೆಯಲ್ಲಿ ನೀನೂ ಒಬ್ಬ ಆಗಿರಬೇಕು. ನಾವು ಇಲ್ಲಿ, ನೀನು ಅಲ್ಲಿ, ಒಟ್ಟಿಗೇ ಕಾದಿರಬೇಕು.

ಕಾರ್ಣಿಕ ಅಲ್ಲಿಗೆ ಮುಗಿಯುವುದಿಲ್ಲ ಎಂಬುದೂ ನಿನಗೆ ಗೊತ್ತು. ಆ ಮಾತು ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಎಂದು ವರ್ಷವಿಡೀ ಕಟ್ಟೆಯ ಮೇಲೆ ಅರ್ಥ ಬಿಡಿಸುತ್ತಾರೆ. ಕೇಳಲು ಒಂದು ಗಳಿಗೆ ಬೇಕಾದರೆ ಅರ್ಥಕ್ಕೆ ಒಂದು ವರ್ಷ ಬೇಕು. ನಮ್ಮ ಜನ ಎರಡನ್ನೂ ಇಟ್ಟುಕೊಂಡಿದ್ದಾರೆ.

ತಡವಾಗಿ ತಲುಪುವ ಮಾತಿನ ಬೆಲೆ ನನಗೆ ಗೊತ್ತಾದದ್ದು ನಾನು ಪಾಠ ಹೇಳುವ ಕೂಡ್ಲಿಗಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ. ಅಲ್ಲಿನ ಎಷ್ಟೋ ಮನೆಗಳವರು ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹಗಲು ಮೇಸ್ತ್ರಿ ಫೋನು ಮುಟ್ಟಲು ಬಿಡುವುದಿಲ್ಲ. ರಾತ್ರಿ ಶೆಡ್ಡಿನಲ್ಲಿ ಹತ್ತಾರು ಜನ ಒಟ್ಟಿಗೆ ಮಲಗಿರುತ್ತಾರೆ. ಹೆಂಡತಿಗೆ ಲೈವ್ ಆಗಿ ಏನು ಮಾತಾಡಬಹುದು? ಈ ಕಡೆಯೂ ಅತ್ತೆ, ಮೈದುನ, ಮಕ್ಕಳು ಫೋನಿನ ಸುತ್ತಲೇ ಇರುತ್ತಾರೆ. ಆತ ಶೆಡ್ಡಿನಿಂದ ಆಚೆ ಬಂದು, ಮರಳಿನ ಗುಡ್ಡೆಯ ಹಿಂದೆ ನಿಂತು ಒಂದು ವಾಯ್ಸ್ ಮೆಸೇಜು ಕಳಿಸುತ್ತಾನೆ. ಈಕೆ ಬೆಳಿಗ್ಗೆ ನೀರಿಗೆ ಹೋಗುವಾಗ ಫೋನು ಕಿವಿಗೆ ಒತ್ತಿಕೊಂಡು ಕೇಳುತ್ತಾಳೆ. ಓದು ಬರಹ ಬಾರದಿದ್ದರೂ ನಡೆಯುತ್ತದೆ, ಕಾಗದ ಓದಿಸಿಕೊಳ್ಳಲು ಮೇಷ್ಟ್ರ ಮನೆಗೆ ಬರಬೇಕಿಲ್ಲ. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ. ವಾಟ್ಸ್‌ಆಪಿಗೆ ವಾಯ್ಸ್ ಮೆಸೇಜು ಬಂದದ್ದು ಮರು ತಿಂಗಳೇ. ತಂತಿ ಅಂದರೆ ಸಾವಿನ ಸುದ್ದಿ ಎಂದು ಕೈ ನಡುಗುತ್ತಿದ್ದ ಮನೆಗಳಲ್ಲಿ ಈಗ ದೂರದಿಂದ ಬಂದ ಗುಟ್ಟಿನ ಮಾತು ನಾಲ್ಕು ದಿನ ಫೋನಿನಲ್ಲಿ ಉಳಿದಿರುತ್ತದೆ. ಆ ಗಂಡ ಹೆಂಡತಿಗೆ ತಡವಾಗಿ ತಲುಪುವ ಮಾತೇ ಏಕಾಂತ. ಅದನ್ನು ನಾನು ಕಡಿಮೆಯೆಂದು ಹೇಳಲಾರೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಎದುರಿಗಿರುವ ಮಾತಿನ ಬೆಲೆಯನ್ನೂ ಕಂಡೆ. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಶುರುವಾದವು, ಒಳ್ಳೆಯ ಪಾಠಗಳೇ. ಮಕ್ಕಳು ಟಿವಿ ಮುಂದೆ ಕೂತು ಎದ್ದು ಹೋಗುತ್ತಿದ್ದರು. ಆಗಸ್ಟಿನಲ್ಲಿ ವಿದ್ಯಾಗಮ ಬಂದು ನಾವು ಗುಡಿಯ ಅಂಗಳ, ಮರದ ನೆರಳಿಗೆ ಹೋಗಿ ಕಲಿಸತೊಡಗಿದೆವು. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಆದರೆ ಹಾಜರಿ ಕೂಗುವಾಗ ಆ ಮಕ್ಕಳ ದನಿ ಕೇಳಬೇಕಿತ್ತು ನೀನು. ಟಿವಿ ಅವರ ಹೆಸರು ಕರೆಯುತ್ತಿರಲಿಲ್ಲ. ತನ್ನ ಹೆಸರು ಕರೆಯುತ್ತಾರೆ, ತಾನಿಲ್ಲದಿದ್ದರೆ ಎಲ್ಲಿ ಎಂದು ಕೇಳುತ್ತಾರೆ ಎಂದು ಗೊತ್ತಿದ್ದರೆ ಮಗು ಬಂದೇ ಬರುತ್ತದೆ. ಅವ್ವ ಕಾಲ್ ಮಾಡುವುದು ಹಾಜರಿ ಕೂಗಲು ಎಂದುಕೋ.

ಕಾಲ್ ಎತ್ತಿದರೆ ಗಂಟೆಗಟ್ಟಲೆ ಆಗುತ್ತದೆ, ಏನು ಮಾತಾಡುವುದು ತಿಳಿಯುವುದಿಲ್ಲ ಎಂದೂ ನೀನು ಬರೆದಿದ್ದೆ. ಆಗ ನೀನಿರುವ ಟೆಕ್ಸಾಸಿನಲ್ಲೇ ಇದ್ದ ಅಮಿತ್ ಕುಮಾರ್ ಮತ್ತು ಷಿಕಾಗೋದ ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಹಳೆಯ ಗೆಳೆಯರನ್ನು ಮತ್ತೆ ಮಾತಾಡಿಸಲು ಕೆಲವರಿಗೆ ಫೋನು ಮಾಡಿಸಿದರು, ಕೆಲವರಿಗೆ ಇಮೇಲ್ ಬರೆಸಿದರು. ಫೋನಿನಲ್ಲಿ ಮುಜುಗರವಾಗುತ್ತದೆ ಎಂದು ಜನ ಮೊದಲೇ ಅಂದುಕೊಂಡಿದ್ದರು. ಮಾತಾಡಿದ ಮೇಲೆ ನೋಡಿದರೆ ಮುಜುಗರ ಇಮೇಲಿಗಿಂತ ಹೆಚ್ಚೇನೂ ಆಗಿರಲಿಲ್ಲ, ಹತ್ತಿರವಾದ ಭಾವ ಮಾತ್ರ ಹೆಚ್ಚಾಗಿತ್ತು. ಮುಖ ಕಾಣುವುದು ಮುಖ್ಯವಲ್ಲ, ದನಿ ಸಾಕು ಎಂದೂ ಅವರಿಗೆ ತಿಳಿಯಿತು. ಕಾರು ಓಡಿಸುವಾಗ ಬರೀ ದನಿಯಲ್ಲಿ ಹತ್ತು ನಿಮಿಷ ಹೂಂಗುಟ್ಟು. ಅವ್ವನಿಗೆ ಅಷ್ಟೇ ಬೇಕಾಗಿರುವುದು.

ಇನ್ನು ಮುಖ್ಯ ವಿಷಯ, ಸಿಟ್ಟಾಗದೆ ಓದು. ಹೊಲದ ಮಾತನ್ನು ನೀನು ವಿಡಿಯೊ ಕಾಲಿನಲ್ಲಿ ಎತ್ತಿದೆ. "ಮಾರೋಣ ಏನವ್ವ?" ಎಂದು ಕೇಳಿದೆ, ಅವಳು "ಹೂಂ" ಅಂದಳು. ಅದನ್ನು ಒಪ್ಪಿಗೆ ಎಂದು ತಿಳಿಯಬೇಡ. ಮಗ ಎದುರಿಗೆ ಕಾಣುತ್ತಿದ್ದಾನೆ, ಸೊಸೆ ಪಕ್ಕದಲ್ಲಿದ್ದಾಳೆ, ಸುಮ್ಮನಿದ್ದರೆ ಬೇರೆಯೇ ಅರ್ಥವಾಗುತ್ತದೆ. ಆ ಹೊತ್ತಿಗೆ ತಾಯಿಯ ಬಾಯಿಂದ ಹೂಂ ಬಿಟ್ಟು ಬೇರೆ ಏನು ಬರುತ್ತದೆ? ಫೋನು ಇಟ್ಟ ಮೇಲೆ ಅವಳು ಊಟಕ್ಕೆ ಏಳಲಿಲ್ಲ. ಅಪ್ಪ ತೋಡಿಸಿದ ಬಾವಿ ಯಾವ ಪಾಲಿಗೆ ಹೋಗುತ್ತದೆ ಎಂದು ಮರುದಿನ ನನ್ನನ್ನು ಕೇಳಿದಳು. ಆ ಪ್ರಶ್ನೆ ಅವಳಿಗೆ ಒಂದು ರಾತ್ರಿ ಕಳೆದ ಮೇಲೆ ಬಂತು. ಇಂಥ ಪ್ರಶ್ನೆಗಳು ಇನ್ನೂ ಇರುತ್ತವೆ, ಒಂದೊಂದಾಗಿ ಬರುತ್ತವೆ. ಅದಕ್ಕೆ ಬೇಕಾದ ಹೊತ್ತನ್ನು ಲೈವ್ ಕಾಲಿನಲ್ಲಿ ಯಾರೂ ಕೊಡಲಾರರು, ನೀನೂ ಕೊಡಲಾರೆ.

ಹಾಗಾಗಿ ಹೀಗೆ ಮಾಡು. ಭಾನುವಾರ ನಿಮ್ಮ ಬೆಳಗಿಗೆ, ನಮ್ಮ ರಾತ್ರಿಗೆ, ಕಾಲ್ ಮಾಡು. ಆಗ ಹೊಲದ ಮಾತು ಬೇಡ. ಮಗಳನ್ನು ಮುಂದೆ ಕೂರಿಸು, ರೊಟ್ಟಿ ಬಡಿಯುವುದು ಹೇಗೆ ಎಂದು ಅವ್ವನನ್ನು ಕೇಳಲಿ. ನಿನ್ನ ಮಗಳು ಯಾರ ವಾಯ್ಸ್ ಮೆಸೇಜು ಬಂದರೂ ಎರಡು ಪಟ್ಟು ವೇಗಕ್ಕೆ ಇಟ್ಟು ಕೇಳುತ್ತಾಳಂತೆ. ಬೈಯಬೇಡ, ಆ ಹುಡುಗಿಗೂ ಶಾಲೆ, ಓದು ಎಂದು ಹೊತ್ತೇ ಸಿಗುವುದಿಲ್ಲ. ಎದುರಿಗೆ ಅಜ್ಜಿ ಇದ್ದರೆ ಓಡಿಸಲು ಆಗುವುದಿಲ್ಲ, ಅಷ್ಟೇ.

ಹೊಲದ ವಿಷಯ ಪೂರಾ ಬರೆದು ಕಳಿಸು. ಎಷ್ಟು ದುಡ್ಡು, ಯಾಕೆ ಬೇಕು, ಅವ್ವನ ಹೆಸರಿಗೆ ಏನು ಉಳಿಯುತ್ತದೆ, ಬಾವಿ ಯಾರಿಗೆ, ಎಲ್ಲವನ್ನೂ ಬರೆ. ನಾನು ಓದಿ ಹೇಳುತ್ತೇನೆ, ಅವಳು ಕೇಳಿದಷ್ಟು ಸಲ ಓದುತ್ತೇನೆ. ಅವಳು ಬೇಡ ಅಂದರೆ ಬೇಡ ಎಂದೇ ನಿನಗೆ ಬರೆಯುತ್ತೇನೆ. ಅಲ್ಲಿಯವರೆಗೆ ಖರೀದಿಗೆ ಬಂದವರಿಗೆ ಮಾತು ಕೊಡಬೇಡ.

ಇದಕ್ಕೆ ಫೋನಿನಲ್ಲಿ ಉತ್ತರ ಹೇಳಬೇಡ, ಬರೆ.

ಇತಿ,
ನಿನ್ನ ಅಕ್ಕ