ಬೀಡಿಯ ಹಸಿವು ಹುಟ್ಟುವುದೆಲ್ಲಿ?

ಧೂಮಪಾನಿಗಳ ಕುರಿತು ನಮ್ಮ ಮನೆಗಳಲ್ಲಿ ಎರಡು ತೀರ್ಪುಗಳು ಬಳಕೆಯಲ್ಲಿವೆ. "ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಬಿಡಬಹುದು" ಎಂಬುದು ಒಂದು. "ಅದು ಅವನ ಜೀವದೊಂದಿಗೇ ಹೋಗುವ ಚಟ" ಎಂಬುದು ಇನ್ನೊಂದು. ಪವಿತ್ರ ರಮಝಾನ್ ಈ ಎರಡನ್ನೂ ಸುಳ್ಳಾಗಿಸುತ್ತದೆ.

ಕಳೆದ ರಮಝಾನಿನಲ್ಲಿ ತರಾವೀಹ್ ನಮಾಝಿನ ಬಳಿಕ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕೇಳಿದರು: "ಉಸ್ತಾದ್, ಹಗಲಿಡೀ ಬೀಡಿ ಮುಟ್ಟುವುದಿಲ್ಲ. ಇಫ್ತಾರಿನ ಖರ್ಜೂರ ತಿಂದು ನೀರು ಕುಡಿದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅಸರ್ ಕಳೆದ ಮೇಲಂತೂ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ನನ್ನ ಈಮಾನ್ ಅಷ್ಟು ದುರ್ಬಲವೇ?"

ಧೂಮಪಾನದ ವಿಧಿಯೇನೆಂದು ಅವರು ಕೇಳಿರಲಿಲ್ಲ. ಅದು ಅವರಿಗೆ ತಿಳಿದಿತ್ತು. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ವಿಜ್ಞಾನದ ಪುಸ್ತಕಗಳತ್ತ ಹೊರಳಿದೆ.

ನಮ್ಮ ನರಕೋಶಗಳ ಮೇಲೆ ಗ್ರಾಹಕಗಳೆಂಬ ಸೂಕ್ಷ್ಮ ರಚನೆಗಳಿವೆ. ಇವು ಬೀಗಗಳಿದ್ದಂತೆ. ಗಮನ, ನೆನಪು, ಸ್ನಾಯುಗಳ ಚಲನೆ ಮುಂತಾದವುಗಳಿಗಾಗಿ ದೇಹವೇ ತಯಾರಿಸುವ ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕವು ಇವುಗಳಲ್ಲಿ ಕೆಲವನ್ನು ತೆರೆಯುವ ಕೀಲಿ. ತಂಬಾಕಿನ ನಿಕೋಟಿನ್ ಈ ಬೀಗಕ್ಕೆ ಸರಿಹೊಂದುವ ಕಳ್ಳಕೀಲಿ. ದೇಹದಲ್ಲಿ ಇಂತಹ ಗ್ರಾಹಕಗಳಿರಬೇಕೆಂದು ಕೇಂಬ್ರಿಜ್‌ನ ವಿಜ್ಞಾನಿ ಜಾನ್ ಲ್ಯಾಂಗ್ಲಿ 1905ರಲ್ಲಿ ಊಹಿಸಿದ್ದು ನಿಕೋಟಿನ್ ಬಳಸಿ ನಡೆಸಿದ ಪ್ರಯೋಗಗಳಿಂದಲೇ.

ಹೊಗೆ ಎಳೆದ 10ರಿಂದ 20 ಸೆಕೆಂಡುಗಳೊಳಗೆ ನಿಕೋಟಿನ್ ಮಿದುಳನ್ನು ತಲುಪುತ್ತದೆ. ಬೀಗ ತೆರೆಯುತ್ತದೆ, ಡೋಪಮಿನ್ ಸ್ರವಿಸುತ್ತದೆ. "ಇದು ಒಳ್ಳೆಯದು, ಮತ್ತೆ ಮಾಡು" ಎಂದು ಮಿದುಳು ಗುರುತು ಹಾಕಿಕೊಳ್ಳುತ್ತದೆ. ಪದೇಪದೇ ಕಳ್ಳಕೀಲಿ ಬಿದ್ದಾಗ ಗ್ರಾಹಕಗಳು ಜಡವಾಗುತ್ತವೆ. ಜೊತೆಗೆ ಅವುಗಳ ಸಂಖ್ಯೆಯೂ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಿರುವಾಗ ಸಹರಿಯ ಹೊತ್ತಿನಲ್ಲಿ ಸೇದಿದ ಬೀಡಿಯದು ಅಸರ್ ವೇಳೆಗೆ ಎಷ್ಟು ಉಳಿದೀತು? ಜಡವಾಗಿದ್ದ ಗ್ರಾಹಕಗಳು ಎಚ್ಚೆತ್ತು ಖಾಲಿ ಕುಳಿತಿರುತ್ತವೆ. ಸಿಡುಕು, ಚಡಪಡಿಕೆ, ಏಕಾಗ್ರತೆಯ ಕೊರತೆ ಎಲ್ಲವೂ ಅಲ್ಲಿಂದಲೇ. ಆ ಹೊತ್ತಿಗೆ ಸೇದುವ ಬೀಡಿ ನೀಡುವ ನೆಮ್ಮದಿಯ ಬಹುಪಾಲು, ಹಿಂದಿನ ಬೀಡಿಗಳೇ ತಂದಿಟ್ಟ ಸಂಕಟದ ಶಮನ ಮಾತ್ರ.

ಆದ್ದರಿಂದ ಆ ತಂದೆಗೆ ನಾನು ಹೇಳಿದೆ: "ನಿಮ್ಮ ಸಿಡುಕು ಈಮಾನಿನ ಅಳತೆಗೋಲಲ್ಲ. ಆ ಸಂಕಟದ ನಡುವೆಯೂ ಅಲ್ಲಾಹನಿಗಾಗಿ ಮಗ್ರಿಬ್‌ವರೆಗೆ ತಡೆದು ನಿಲ್ಲುತ್ತೀರಲ್ಲ, ಅದೇ ಈಮಾನ್. ಆದರೆ ಕಾರಣ ತಿಳಿದ ಮೇಲೆ ಸುಮ್ಮನಿರುವಂತಿಲ್ಲ. ದೇಹವು ಅಲ್ಲಾಹನ ಅಮಾನತ್ತು."

ಶುಭವಾರ್ತೆಯೂ ಇದೆ. ಪೂರ್ತಿಯಾಗಿ ಬಿಟ್ಟರೆ ಸಂಕಟವು ಮೊದಲ ಎರಡು ಮೂರು ದಿನಗಳಲ್ಲಿ ತೀವ್ರವಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಗ್ಗುತ್ತದೆ. ಹೆಚ್ಚಿದ ಗ್ರಾಹಕಗಳೂ ಕೆಲವು ವಾರಗಳಿಂದ ತಿಂಗಳುಗಳೊಳಗೆ ಮೊದಲಿನ ಪ್ರಮಾಣಕ್ಕೆ ಮರಳುತ್ತವೆ. ರಮಝಾನ್ ಹಗಲಿನ ಸಂಯಮವನ್ನು ಕಲಿಸುತ್ತದೆ. ರಾತ್ರಿಯ ಬೀಡಿಯನ್ನೂ ಬಿಟ್ಟರೆ ಆ ಕಠಿಣ ವಾರಗಳು ಪುಣ್ಯಮಾಸದಲ್ಲಿಯೇ ಕಳೆದುಹೋಗುತ್ತವೆ. ಒಬ್ಬರೇ ಹೋರಾಡಬೇಕಾಗಿಯೂ ಇಲ್ಲ. ನಿಕೋಟಿನ್ ಚೂಯಿಂಗ್ ಗಮ್ ಇದೆ. ಅದೇ ಬೀಗವನ್ನು ಅರೆಬರೆ ತೆರೆದು ಹಂಬಲವನ್ನು ತಗ್ಗಿಸುವ ವರೆನಿಕ್ಲಿನ್ ಎಂಬ ಮಾತ್ರೆಯಿದೆ. ಇದನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಮನೆಯವರಲ್ಲಿ ನನ್ನದೊಂದು ವಿನಂತಿ. ಬಿಡಲು ಹೊರಟವರನ್ನು ಆ ಮೊದಲ ವಾರ ಹಂಗಿಸಬೇಡಿ. ಎಡವಿದರೆ, ತೌಬಾದ ಬಾಗಿಲು ತೆರೆದೇ ಇದೆಯೆಂದು ನೆನಪಿಸಿ, ಪುನಃ ಆರಂಭಿಸಲು ನೆರವಾಗಿ. ಅಲ್ಲಾಹನು ನಮ್ಮ ಸಹೋದರರಿಗೆ ಈ ಸೆರೆಯಿಂದ ಬಿಡುಗಡೆ ಪಡೆಯುವ ತೌಫೀಕ್ ಕರುಣಿಸಲಿ. ಆಮೀನ್.