ಆದೇಶ ಬಂದ ಮೇಲೆ

ಪುಣೆ, ಮುಂಬೈಗಳಲ್ಲಿ ಫ್ಲ್ಯಾಟ್ ಬುಕ್ ಮಾಡಿದ ಕನ್ನಡಿಗರು ನಾಲ್ಕು ಜನ ಸೇರಿದರೆ, ಒಬ್ಬರಾದರೂ ಹೇಳುವ ಮಾತು: ‘ರೇರಾಕ್ಕೆ ಹಾಕಿಬಿಡಿ.’ ನಾನು ಹಾಕಿದವನು. ಆ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಅಲ್ಲ ಎಂದು ಹೇಳಬೇಕೆನಿಸಿದೆ.

ನಮ್ಮ ಕರಾರು 2016ರದು. 2019ರ ಜೂನ್‌ಗೆ ಮನೆ ಕೊಡುವುದಾಗಿ ಬಿಲ್ಡರ್ ಬರೆದುಕೊಟ್ಟಿದ್ದ. 2017ರ ಮೇ 1ರಂದು ರಿಯಲ್ ಎಸ್ಟೇಟ್ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದಾಗ, ಅರ್ಧಕ್ಕೆ ನಿಂತ ಪ್ರಾಜೆಕ್ಟ್‌ಗಳೂ ಮಹಾರೇರಾದಲ್ಲಿ ನೋಂದಣಿಯಾಗಬೇಕಾಯಿತು. ನಮ್ಮ ಬಿಲ್ಡರ್ ಅಲ್ಲಿ ಮುಗಿಸುವ ವರ್ಷ 2021 ಎಂದು ನಮೂದಿಸಿದ. ಐಟಿಯಲ್ಲಿ ಇದಕ್ಕೆ ರೀ-ಬೇಸ್‌ಲೈನ್ ಅನ್ನುತ್ತೇವೆ. ಆದರೆ ಅದಕ್ಕೆ ಗ್ರಾಹಕನ ಸಹಿ ಬೇಕು. ಇಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

2019 ಕಳೆಯಿತು. ತಿಂಗಳು ತಿಂಗಳು ಬಾಡಿಗೆಯೂ ಹೋಯಿತು, ಇಎಂಐಯೂ ಹೋಯಿತು. ಧಾರವಾಡದಿಂದ ಅಪ್ಪ-ಅವ್ವ ನಮ್ಮಲ್ಲಿಗೇ ಬಂದಿರಬೇಕೆಂದು ಮಾತಾಗಿತ್ತು. ಲಿಫ್ಟ್ ಇಲ್ಲದ ಬಾಡಿಗೆ ಮನೆಯ ಮೂರನೇ ಮಹಡಿ ಹತ್ತಲು ಅವ್ವನ ಮೊಣಕಾಲು ಒಪ್ಪಲಿಲ್ಲ.

ದೂರು ಕೊಟ್ಟೆ. ವಿಚಾರಣೆಯಲ್ಲಿ ಬಿಲ್ಡರ್‌ನ ವಕೀಲರು 2021ನ್ನೇ ಹಿಡಿದು ಕೂತರು. ಆದರೆ ನೀಲ್‌ಕಮಲ್ ರಿಯಲ್ಟರ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು: ವಿಳಂಬವನ್ನು ಎಣಿಸಬೇಕಾದದ್ದು ಕರಾರಿನಲ್ಲಿರುವ ದಿನಾಂಕದಿಂದ. ಕಾಯ್ದೆಯ 18ನೇ ಸೆಕ್ಷನ್‌ನಂತೆ ಗ್ರಾಹಕ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಸಿಗುವವರೆಗೆ ಪ್ರತಿ ತಿಂಗಳ ಬಡ್ಡಿ ಕೇಳಬಹುದು. ನಾವು ಬಡ್ಡಿ ಕೇಳಿದೆವು. ಆದೇಶ ನಮ್ಮ ಪರವಾಗಿ ಬಂತು. ಸಾಮಾನ್ಯ ಸಂಬಳದಾರನೊಬ್ಬ ಬಿಲ್ಡರ್‌ನ ಎದುರು ಸಮಸಮನಾಗಿ ಕೂತು ಮಾತಾಡುವ ಜಾಗ ಇದೊಂದೇ ಎಂದು ಅವತ್ತು ಅನ್ನಿಸಿತು. ಇವತ್ತಿಗೂ ಆ ಅಭಿಪ್ರಾಯ ಬದಲಾಗಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಕಾಗದಾ ಬಂತು, ಛಲೋ ಆತು. ರೊಕ್ಕಾ ಯಾವಾಗ ಬರ್ತದೋ?” ಅಂದರು.

ರೊಕ್ಕ ಬರಲಿಲ್ಲ. ಆದೇಶ ಮಾಡುವ ಅಧಿಕಾರ ರೇರಾಕ್ಕಿದೆ, ಬಿಲ್ಡರ್‌ನ ಆಸ್ತಿ ಜಪ್ತಿ ಮಾಡಿ ಹಣ ತರುವ ಸಿಬ್ಬಂದಿ ಇಲ್ಲ. 40ನೇ ಸೆಕ್ಷನ್ ಪ್ರಕಾರ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಅಂದರೆ ರೇರಾ ಕೊಟ್ಟ ವಾರಂಟ್ ಜಿಲ್ಲಾಧಿಕಾರಿಗಳ ಕಂದಾಯ ವ್ಯವಸ್ಥೆಗೆ ಹೋಗುತ್ತದೆ. ಕರ್ನಾಟಕದಲ್ಲೂ ದಾರಿ ಇದೇ. ಚುನಾವಣೆ, ನೆರೆ, ಬರ ಎಲ್ಲವನ್ನೂ ನೋಡಿಕೊಳ್ಳುವ ಆ ವ್ಯವಸ್ಥೆಯಲ್ಲಿ ನನ್ನ ಬಡ್ಡಿಯೂ ಒಂದು ಫೈಲು. ದೂರನ್ನು 60 ದಿನಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎನ್ನುವ ಕಾಯ್ದೆ, ವಸೂಲಿಗೆ ಅಂಥ ಗಡುವು ಹಾಕಿಲ್ಲ. ಅಪ್ಪನಿಗೆ ಇಷ್ಟನ್ನೂ ವಿವರಿಸಿದಾಗ ಅವರು ಒಂದೇ ಗಾದೆಯಲ್ಲಿ ಮುಗಿಸಿದರು: “ದೇವರು ಕೊಟ್ರೂ ಪೂಜಾರಿ ಕೊಡಬೇಕಲ್ಲೋ.”

ನಮ್ಮ ಆಫೀಸಿನಲ್ಲಿ ಉತ್ತರ ಬರೆದ ಮಾತ್ರಕ್ಕೆ ಟಿಕೆಟ್ ಕ್ಲೋಸ್ ಮಾಡಲು ಬಿಡುವುದಿಲ್ಲ, ಗ್ರಾಹಕನ ತೊಂದರೆ ನಿಂತಿರಬೇಕು. ನಿಯಂತ್ರಕ ಸಂಸ್ಥೆಯನ್ನೂ ಹಾಗೇ ಅಳೆಯಬೇಕು. ಎಷ್ಟು ದೂರು ಇತ್ಯರ್ಥವಾಯಿತು ಎನ್ನುವುದರ ಪಕ್ಕದಲ್ಲೇ, ಎಷ್ಟು ಜನರ ಖಾತೆಗೆ ಹಣ ಬಂತು ಎಂಬ ಲೆಕ್ಕವೂ ಇರಬೇಕು.

ನೀವೂ ಈ ದಾರಿಯಲ್ಲಿದ್ದರೆ ಕರಾರಿನಲ್ಲಿ ದಿನಾಂಕವಿರುವ ಪುಟವನ್ನು ಜೋಪಾನ ಮಾಡಿ. ಆದೇಶದಲ್ಲಿ ಹೇಳಿದ ಅವಧಿ ಮುಗಿದ ಕೂಡಲೇ ವಸೂಲಿಗೆ ಅರ್ಜಿ ಹಾಕಿ. ಕೇಸು ಗೆದ್ದೆವೆಂದು ಸಿಹಿ ಹಂಚುವುದನ್ನು ಮಾತ್ರ, ಬ್ಯಾಂಕಿನ ಮೆಸೇಜ್ ಬರುವವರೆಗೆ ಮುಂದೂಡಿ.